ಎಳೆಯ ಕಾಂಕ್ರೀಟು ಬಿರಿಯುವುದೇಕೆ?

ತೊಟ್ಟಿ, ಕಾಲುವೆ, ಕಣಗಳಿಗೆ ಹಾಕಿಸಿದ ಕಾಂಕ್ರೀಟು ಕೆಲವೇ ದಿನಗಳಲ್ಲಿ ಬಿರಿದರೆ ಸಿಮೆಂಟನ್ನು ದೂರುವುದುಂಟು. ಆದರೆ ದೋಷವು ಅನೇಕ ವೇಳೆ ಆರೈಕೆಯಲ್ಲಿರುವುದು. ಕಾಂಕ್ರೀಟು ಭಾರವನ್ನು ಹೊರುವುದರಲ್ಲಿ ಬಲವುಳ್ಳದ್ದಾದರೂ ಸೆಳೆತವನ್ನು ತಡೆಯುವುದರಲ್ಲಿ ದುರ್ಬಲವು. ಈ ಎರಡನೆಯ ಶಕ್ತಿಯು ಮೊದಲನೆಯದರ ಸುಮಾರು ಹತ್ತರಲ್ಲೊಂದು ಪಾಲು ಮಾತ್ರ. ಎಳೆಯದಾಗಿರುವಾಗ ಅಷ್ಟೂ ಬಂದಿರುವುದಿಲ್ಲ.

ಇದನ್ನು ಅಳೆಯಲು ಬ್ರೆಜಿಲ್ ದೇಶದ ಇಂಜಿನಿಯರ್ ಫರ್ನಾಂಡೊ ಕಾರ್ನೇರೊ ಎಂಬವರು 1943ರಲ್ಲಿ ಸುಲಭವಾದ ಒಂದು ವಿಧಾನವನ್ನು ತೋರಿಸಿದರು. ಕಾಂಕ್ರೀಟಿನ ಉರುಳೆಯನ್ನು ಅಡ್ಡಲಾಗಿ ಮಲಗಿಸಿ ಯಂತ್ರದಿಂದ ಮೇಲಿನಿಂದ ಒತ್ತಿದರೆ, ಒಳಗೆ ಎರಡು ಪಕ್ಕಗಳಿಗೂ ಸೆಳೆತವುಂಟಾಗಿ ಅದು ಉದ್ದಕ್ಕೆ ಎರಡು ಹೋಳಾಗುವುದು. 150 ಮಿಲಿಮೀಟರ್ ವ್ಯಾಸ, 300 ಮಿಲಿಮೀಟರ್ ಉದ್ದದ ಉರುಳೆಗಳು ಈಗ ರೂಢಿಯಲ್ಲಿವೆ. 1, 3, 7 ದಿನ ವಯಸ್ಸಿನ ಉರುಳೆಗಳನ್ನು ಹೀಗೆ ಸೀಳಿದರೆ ಬಲವು ಬೆಳೆಯುವ ಬಗೆಯು ತಿಳಿಯುವುದು.

ಇನ್ನೊಂದು ಪರೀಕ್ಷೆಯಲ್ಲಿ ಉಕ್ಕಿನ ಬಳೆಯ ಸುತ್ತಲೂ ಕಾಂಕ್ರೀಟನ್ನು ಎರೆಯುವರು. ಗಾಡಿಯ ಚಕ್ರಕ್ಕೆ ಕಮ್ಮಾರನು ತೊಡಿಸಿದ ಕಾದ ಹಳಿಯು ಆರಿದಾಗ ಕುಗ್ಗಿ ಮರವನ್ನು ಬಿಗಿಯುವಂತೆ, ಒಣಗುವ ಕಾಂಕ್ರೀಟೂ ಕುಗ್ಗಿ ಉಕ್ಕನ್ನು ಬಿಗಿಯುವುದು. ಕಬ್ಬಿಣದ ಹಳಿಯು ಆ ಸೆಳೆತವನ್ನು ತಾಳುವುದು. ಕಾಂಕ್ರೀಟು ತಾಳಲಾರದೆ ಬಿರಿಯುವುದು. ಎಷ್ಟು ದಿನ ತಡೆಯಿತೆಂಬುದೇ ಅದರ ಗುಣಕ್ಕೆ ಅಳತೆ.

ಆದುದರಿಂದ ಬಲ ಬರುವ ಮುನ್ನ ಕಾಂಕ್ರೀಟು ಒಣಗಕೂಡದು. ಕಲಸುವಾಗ ನೀರು ಮಿತವಾಗಿರಬೇಕು. ಗಟ್ಟಿಯಾದ ಮೇಲೆ ಒದ್ದೆ ಗೋಣಿಯನ್ನು ಹೊದಿಸಿ ಕನಿಷ್ಠ 7 ದಿನ, ಬಿಸಿಲುಗಾಲದಲ್ಲಿ 10 ದಿನ, ತೇವವನ್ನು ಕಾಯತಕ್ಕದ್ದು. ನಾಲ್ಕು ಕೊಡ ನೀರನ್ನು ಈಗ ಉಳಿಸಿದವರು ಮುಂದೆ ತೊಟ್ಟಿಯ ನೀರನ್ನೇ ಕಳೆದುಕೊಳ್ಳುವರು.