ಹಡಗಿನ ಸಾವು ದಡದಲ್ಲೇ ಶುರು

2009ರ ಜುಲೈ. ಕರಾವಳಿಯಲ್ಲಿ ಮುಂಗಾರು ಬಿರುಸಾಗಿದ್ದ ದಿನಗಳು. ನವಮಂಗಳೂರು ಬಂದರಿನಲ್ಲಿ 13 ಸಾವಿರ ಟನ್ನಿಗೂ ಹೆಚ್ಚು ಕಬ್ಬಿಣದ ಅದಿರಿನ ಪುಡಿ ತುಂಬಿಕೊಂಡು ‘ಏಷ್ಯನ್ ಫಾರೆಸ್ಟ್’ ಎಂಬ ಸರಕು ಹಡಗು ಚೀನಾದತ್ತ ಹೊರಟಿತು. ಹೆಚ್ಚು ದೂರ ಹೋಗಲಿಲ್ಲ. ಮಂಗಳೂರಿನಾಚೆಯ ಸಮುದ್ರದಲ್ಲೇ ಒಂದು ಮಗ್ಗುಲಿಗೆ ವಾಲಿತು, ಮಗುಚಿತು, ಮುಳುಗಿತು. ಅದರಲ್ಲಿದ್ದ 18 ನಾವಿಕರನ್ನು ಕರಾವಳಿ ಕಾವಲು ಪಡೆ ಉಳಿಸಿತು. ಎರಡೇ ತಿಂಗಳಲ್ಲಿ, ಸೆಪ್ಟೆಂಬರ್‌ನಲ್ಲಿ, ಒಡಿಶಾದ ಪಾರಾದೀಪ್ ಬಂದರಿನ ಹೊರಗೆ ‘ಬ್ಲ್ಯಾಕ್ ರೋಸ್’ ಎಂಬ ಇನ್ನೊಂದು ಹಡಗು ಹಾಗೆಯೇ ಮಗುಚಿಕೊಂಡಿತು. ಅದರ ಹೊಟ್ಟೆಯಲ್ಲೂ ಅದಿರಿನ ಪುಡಿಯೇ ಇತ್ತು. ಅಲ್ಲಿ ಒಂದು ಜೀವ ಹೋಯಿತು.

ಎರಡೂ ಕಡೆ ತಳ ಬಂಡೆಗೆ ಬಡಿದಿರಲಿಲ್ಲ, ಇನ್ನೊಂದು ಹಡಗು ಬಂದು ಗುದ್ದಿರಲೂ ಇಲ್ಲ. ಹಡಗನ್ನು ಕೆಡವಿದ್ದು ಅದು ಹೊತ್ತಿದ್ದ ಸರಕು.

ಅದಿರು ಕಲ್ಲಿನ ಜಾತಿ, ಅದು ಹೇಗೆ ಹಡಗು ಮಗುಚೀತು ಎಂದು ಯಾರಿಗಾದರೂ ಅನ್ನಿಸಬಹುದು. ಸಮುದ್ರದ ಅಂಚಿನಲ್ಲಿ, ಅಲೆ ಈಗಷ್ಟೇ ಹಿಂದೆ ಸರಿದ ಒದ್ದೆ ಮರಳಿನ ಮೇಲೆ ನಿಂತು ಒಂದೇ ಜಾಗದಲ್ಲಿ ಕಾಲು ಕುಟ್ಟಿ ನೋಡಿ. ಗಟ್ಟಿಯಾಗಿದ್ದ ಮರಳು ಸಡಿಲಗೊಂಡು, ನೀರು ಮೇಲಕ್ಕೆ ಜಿನುಗಿ, ಪಾದ ಒಳಗಿಳಿಯುತ್ತದೆ. ಹಡಗಿನೊಳಗೆ ನಡೆಯುವುದೂ ಇದೇ. ಪುಡಿ ಅದಿರಿನ ಕಣಗಳ ನಡುವೆ ಗಾಳಿಯೂ ನೀರೂ ಇರುತ್ತವೆ. ಎಂಜಿನ್ನಿನ ನಡುಕ, ಅಲೆಗಳ ಓಲಾಟ ಗಂಟೆಗಟ್ಟಲೆ ಅದನ್ನು ಕುಟ್ಟುತ್ತಲೇ ಇರುತ್ತವೆ. ಕಣಗಳು ಒತ್ತೊತ್ತಾಗುತ್ತ ಹೋದಂತೆ ಗಾಳಿ ಹೊರಟುಹೋಗಿ, ನಡುವಿನ ನೀರಿಗೆ ಜಾಗ ಸಾಲದಾಗಿ, ಆ ನೀರಿನ ಒತ್ತಡವೇ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ. ಆ ಕ್ಷಣಕ್ಕೆ ಸಾವಿರಾರು ಟನ್ ಅದಿರು ಕೆಸರಾಗುತ್ತದೆ. ಹಡಗು ಎಡಕ್ಕೆ ಓಲಿದರೆ ಕೆಸರೆಲ್ಲ ಎಡಕ್ಕೆ. ಬಲಕ್ಕೆ ಓಲುವಾಗ ಪೂರ್ತಿ ವಾಪಸು ಬರುವುದಿಲ್ಲ. ಅದಿರು ಭಾರದ ಸರಕಾದ್ದರಿಂದ ಸರಕು ಕೋಣೆಯ ಅರ್ಧಕ್ಕಿಂತ ಹೆಚ್ಚು ಖಾಲಿಯೇ ಇರುತ್ತದೆ, ಹರಿದಾಡಲು ಬೇಕಾದಷ್ಟು ಜಾಗ. ಕೆಲವೇ ಓಲಾಟಗಳಲ್ಲಿ ಕಥೆ ಮುಗಿಯುತ್ತದೆ. ಲೈಫ್‌ಬೋಟ್ ಇಳಿಸಲೂ ವೇಳೆ ಸಿಗದೆ ಸತ್ತವರಿದ್ದಾರೆ. 2010ರ ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಆರಂಭದೊಳಗೆ ಇಂಡೋನೇಷ್ಯಾದಿಂದ ನಿಕ್ಕಲ್ ಅದಿರು ಒಯ್ಯುತ್ತಿದ್ದ ಮೂರು ಹಡಗುಗಳು ಮುಳುಗಿ 44 ನಾವಿಕರು ಹೋದರು. 2015ರ ಜನವರಿ 2ರಂದು ಮಲೇಷ್ಯಾದ ಬಾಕ್ಸೈಟ್ ತುಂಬಿದ್ದ ‘ಬಲ್ಕ್ ಜುಪಿಟರ್’ ವಿಯೆಟ್ನಾಂ ಬಳಿ ಮುಳುಗಿದಾಗ 19 ಮಂದಿಯಲ್ಲಿ ಬದುಕುಳಿದವರು ಒಬ್ಬರೇ.

ಇದನ್ನು ತಡೆಯುವ ವಿದ್ಯೆ ತಿಳಿಯದೇ ಇದ್ದದ್ದೇನಲ್ಲ. ಯಾವ ಪುಡಿ ಎಷ್ಟು ತೇವಾಂಶಕ್ಕೆ ಕೆಸರಾಗುತ್ತದೆ ಎಂದು ಪ್ರಯೋಗಾಲಯದಲ್ಲಿ ಅಳೆಯಬಹುದು. ಸಾಮಾನ್ಯವಾಗಿ ಆ ಮಟ್ಟದ ಶೇ 90ರಷ್ಟನ್ನು ಮಿತಿಯೆಂದು ಹಿಡಿಯುತ್ತಾರೆ. ಅದನ್ನು ಮೀರಿದ ಸರಕನ್ನು ಸಾಧಾರಣ ಹಡಗಿಗೆ ತುಂಬುವಂತಿಲ್ಲ. ಬಂದರಿನಲ್ಲಿ ನಿಂತ ಕ್ಯಾಪ್ಟನ್ ತಾನೇ ಮಾಡಿ ನೋಡಬಹುದಾದ ಸರಳ ಪರೀಕ್ಷೆಯೂ ಇದೆ. ಒಂದು ಡಬ್ಬಿಗೆ ಅರ್ಧದಷ್ಟು ಅದಿರಿನ ಪುಡಿ ಹಾಕಿ, ಗೇಣೆತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟುವುದು. ಮೇಲೆ ನೀರು ಜಿನುಗಿದರೆ, ಪುಡಿ ಹಸಿಕೆಸರಿನಂತೆ ಮಿರುಗಿದರೆ ಆ ಸರಕು ಬೇಡ. ನೀರು ಕಾಣದಿದ್ದರೆ ಸರಕು ಸುರಕ್ಷಿತ ಎಂದೇನೂ ಅರ್ಥವಲ್ಲ, ಪ್ರಯೋಗಾಲಯದ ಪರೀಕ್ಷೆ ಬೇಕೇ ಬೇಕು.

ಆದರೆ ದಡದಲ್ಲಿ ನಡೆಯುವುದೇ ಬೇರೆ. ಬಯಲಲ್ಲಿ ರಾಶಿ ಹಾಕಿದ ಅದಿರಿನ ಮೇಲೆ ಮುಂಗಾರಿನ ಮಳೆ ವಾರಗಟ್ಟಲೆ ಸುರಿಯುತ್ತದೆ. ಹಡಗು ಬಂದರಿನಲ್ಲಿ ಒಂದು ದಿನ ಹೆಚ್ಚು ನಿಂತರೂ ಬಾಡಿಗೆ ಏರುತ್ತದೆ. ಸರಕಿನ ತೇವಾಂಶ ಇಷ್ಟೇ ಎಂದು ಪತ್ರ ಬರೆದು ಕೊಡಬೇಕಾದವರು ಸರಕು ಕಳುಹಿಸುವವರೇ. ‘ಈ ಸರಕು ಬೇಡ’ ಎನ್ನುವ ಅಧಿಕಾರ ಕಾನೂನಿನ ಪ್ರಕಾರ ಕ್ಯಾಪ್ಟನ್‌ಗೆ ಇದೆ. ಆದರೆ ಬೇಡ ಎಂದ ಕ್ಯಾಪ್ಟನ್ ಆಮೇಲೆ ತನ್ನ ಮಾಲೀಕನಿಗೆ ಉತ್ತರ ಹೇಳಬೇಕಲ್ಲ!

ಮುಳುಗುವ ಹಡಗುಗಳ ಒಂದು ಬಗೆ ಇದು. ನಡುವೆಯೇ ತುಂಡಾಗುವವು ಇನ್ನೊಂದು ಬಗೆ. ಮುನ್ನೂರು ಮೀಟರ್ ಉದ್ದದ ಉಕ್ಕಿನ ಹಡಗು ನಮ್ಮ ಕಣ್ಣಿಗೆ ಬಗ್ಗದ ವಸ್ತುವಾಗಿ ಕಾಣುತ್ತದೆ. ನಿಜಕ್ಕೂ ಅದು ಪ್ರತಿ ಅಲೆಗೂ ಬಾಗುತ್ತದೆ. ದೊಡ್ಡ ಅಲೆಯ ನೆತ್ತಿ ಹಡಗಿನ ನಡುಭಾಗದ ಕೆಳಗೆ ಬಂದಾಗ ಎರಡು ತುದಿಗಳು ಆಧಾರವಿಲ್ಲದೆ ಜೋತು, ಮೇಲಿನ ಡೆಕ್ ಹಿಗ್ಗುತ್ತದೆ, ತಳದ ತಗಡು ನಲುಗುತ್ತದೆ. ಎರಡು ತುದಿಗಳು ಅಲೆಯ ಮೇಲೇರಿ ನಡುಭಾಗ ತಗ್ಗಿಗೆ ಬಂದಾಗ ಇದರ ತಿರುಗುಮುರುಗು. ಹಡಗಿನ ಆಯುಷ್ಯದಲ್ಲಿ ಇದು ಕೋಟಿಗಟ್ಟಲೆ ಸಲ ನಡೆಯುತ್ತದೆ. ಸರಕನ್ನು ಎಲ್ಲಿ ಎಷ್ಟು ಇಟ್ಟಿದ್ದಾರೆ ಎನ್ನುವುದರ ಮೇಲೆ ಈ ಬಾಗು ಹೆಚ್ಚು ಕಡಿಮೆ ಆಗುತ್ತದೆ. 1994ರಲ್ಲಿ ಬ್ರೆಜಿಲ್‌ನ ಪೊಂಟಾ ಡ ಮಡೀರಾ ಬಂದರಿನಲ್ಲಿ ‘ಟ್ರೇಡ್ ಡೇರಿಂಗ್’ ಎಂಬ ಹಡಗು ಅದಿರು ತುಂಬುತ್ತಿರುವಾಗಲೇ, ದಡಕ್ಕೆ ಕಟ್ಟಿದ ಜಾಗದಲ್ಲೇ ಬೆನ್ನು ಮುರಿದುಕೊಂಡಿತು.

ನಮ್ಮ ಅರಬ್ಬೀ ಸಮುದ್ರವೇ ಇಂಥದ್ದೊಂದನ್ನು ಕಂಡಿದೆ. 2013ರ ಜೂನ್ 17ರಂದು, ಸಿಂಗಪುರದಿಂದ ಜಿದ್ದಾಕ್ಕೆ ಹೊರಟಿದ್ದ ‘ಎಂಒಎಲ್ ಕಂಫರ್ಟ್’ ಮುಂಗಾರಿನ ಅಲೆಗಳ ನಡುವೆ ಎರಡು ಹೋಳಾಯಿತು. 316 ಮೀಟರ್ ಉದ್ದ, ಕಟ್ಟಿ ಐದೇ ವರ್ಷ, ಮೇಲೆ ನಾಲ್ಕು ಸಾವಿರಕ್ಕೂ ಹೆಚ್ಚು ಕಂಟೇನರ್. 26 ನಾವಿಕರೂ ಪಾರಾದರು ಎನ್ನುವುದು ನೆಮ್ಮದಿ. ಹಿಂದಿನ ಹೋಳು ಹತ್ತು ದಿನ ತೇಲಿ ಮುಳುಗಿತು. ಎಳೆದೊಯ್ಯುತ್ತಿದ್ದ ಮುಂದಿನ ಹೋಳಿಗೆ ಬೆಂಕಿ ಬಿದ್ದು ಜುಲೈಯಲ್ಲಿ ಅದೂ ತಳ ಸೇರಿತು. ತುಂಡಾಗಲು ಶುರುವಾದದ್ದು ತಳದ ತಗಡು ಸೊಟ್ಟಗಾಗಿ ಎಂದು ತನಿಖೆ ಹೇಳಿತು. ಆಮೇಲೆ ಅದೇ ನಕ್ಷೆಯ ಉಳಿದ ಹಡಗುಗಳಿಗೆ ಹೆಚ್ಚಿನ ಉಕ್ಕು ಜೋಡಿಸಿ ಗಟ್ಟಿ ಮಾಡಲಾಯಿತು. ಕಂಟೇನರ್‌ಗಳ ತೂಕದ ಸುಳ್ಳು ಲೆಕ್ಕ ಇನ್ನೊಂದು ಕಾಯಿಲೆ. ತುಂಬಿದ ಕಂಟೇನರಿನ ತೂಕವನ್ನು ಖಚಿತಪಡಿಸಿಕೊಂಡೇ ಹಡಗಿಗೆ ಏರಿಸಬೇಕೆಂಬ ಅಂತರರಾಷ್ಟ್ರೀಯ ನಿಯಮ ಬಂದದ್ದು 2016ರ ಜುಲೈ 1ರಿಂದ! ಅಲ್ಲಿಯವರೆಗೆ ಕಾಗದದ ಮೇಲೆ ಬರೆದದ್ದೇ ತೂಕ.

ಹಡಗು ಮುಳುಗಿದ ಕೂಡಲೇ ಬರುವ ಮೊದಲ ಮಾತು ಬಿರುಗಾಳಿ, ಎರಡನೆಯದು ನಾವಿಕರ ತಪ್ಪು. ‘ಡರ್ಬಿಶೈರ್’ ಹಡಗಿನ ಕಥೆ ಓದಿದ ಮೇಲೆ ಈ ಎರಡು ಮಾತನ್ನೂ ನಾನು ಸುಲಭವಾಗಿ ನಂಬುವುದಿಲ್ಲ. 1980ರ ಸೆಪ್ಟೆಂಬರ್‌ನಲ್ಲಿ ಒಂದೂವರೆ ಲಕ್ಷ ಟನ್ನಿಗೂ ಹೆಚ್ಚು ಅದಿರು ಹೊತ್ತು ಜಪಾನಿನತ್ತ ಸಾಗುತ್ತಿದ್ದ ಈ ಬ್ರಿಟಿಷ್ ಹಡಗು ಓಕಿನಾವಾ ಬಳಿ ಆರ್ಕಿಡ್ ಚಂಡಮಾರುತಕ್ಕೆ ಸಿಕ್ಕು ಅಪಾಯದ ಕರೆಯೊಂದನ್ನೂ ಕಳುಹಿಸದೆ ಮಾಯವಾಯಿತು. ಇದ್ದ 44 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಪ್ರಕೃತಿಯ ಹೊಡೆತ ಎಂದು ಮೊದಲ ವಿಚಾರಣೆ ಕೈತೊಳೆದುಕೊಂಡಿತು. ಸತ್ತವರ ಮನೆಯವರು ಬಿಡಲಿಲ್ಲ. ಸಾರಿಗೆ ಕಾರ್ಮಿಕರ ಅಂತರರಾಷ್ಟ್ರೀಯ ಒಕ್ಕೂಟದ ಹಣದಿಂದ 1994ರಲ್ಲಿ ನಾಲ್ಕು ಕಿಲೋಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು. ಆಗಲೂ ತನಿಖೆ ಮಾಡಿದವರು ಮುಂಭಾಗದ ಒಂದು ಸಣ್ಣ ಮುಚ್ಚಳವನ್ನು ನಾವಿಕರು ಭದ್ರಪಡಿಸಿರಲಿಲ್ಲ ಎಂಬ ಆರೋಪ ಹೊರಿಸಿದರು. ಮರುವಿಚಾರಣೆಯ ತೀರ್ಪು 2000ದಲ್ಲಿ ಬಂತು: ಅಲೆಗಳ ಹೊಡೆತಕ್ಕೆ ಮುಂಭಾಗದ ಗಾಳಿಕೊಳವೆಗಳು ಕಿತ್ತು ನೀರು ನುಗ್ಗಿತು, ಮೂತಿ ತಗ್ಗಿತು, ಆಮೇಲೆ ಮೇಲೇರಿದ ಅಲೆಗಳ ಭಾರಕ್ಕೆ ಮೊದಲ ಸರಕು ಕೋಣೆಯ ಮುಚ್ಚಳ ಕುಸಿಯಿತು. ನಾವಿಕರದ್ದು ತಪ್ಪಿರಲಿಲ್ಲ. ಮುಚ್ಚಳ ತಡೆಯಬೇಕಾದಷ್ಟು ಗಟ್ಟಿ ಇರಲಿಲ್ಲ, ಅಂದಿನ ನಿಯಮ ಅಷ್ಟು ಗಟ್ಟಿ ಕೇಳಿಯೂ ಇರಲಿಲ್ಲ. ಇಷ್ಟು ಹೇಳಿಸಲು ಆ ಕುಟುಂಬಗಳು 20 ವರ್ಷ ಕಾದವು.

ಕರ್ನಾಟಕಕ್ಕೆ ಈ ವಿಷಯ ದೂರದ್ದಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತ್ತು. 2022ರ ಮೇಯಲ್ಲಿ ಸುಪ್ರೀಂ ಕೋರ್ಟ್ ರಾಜ್ಯದ ಅದಿರಿನ ರಫ್ತಿಗೆ ಮತ್ತೆ ಅನುಮತಿ ಕೊಟ್ಟಿದೆ. 2025ರ ಮೇಯಲ್ಲಿ ಕೊಚ್ಚಿಯ ಆಚೆ ‘ಎಂಎಸ್‌ಸಿ ಎಲ್ಸಾ 3’ 640 ಕಂಟೇನರ್‌ಗಳೊಂದಿಗೆ ಮುಳುಗಿ, ಪ್ಲಾಸ್ಟಿಕ್ ಕಾಳುಗಳು ಕೇರಳದ ದಡಕ್ಕೆ ಬಂದು ರಾಶಿ ಬಿದ್ದದ್ದನ್ನೂ ನೋಡಿದ್ದೇವೆ. ಬಂದರು ನಡೆಸುವವರಿಗೂ ಸರಕು ಕಳುಹಿಸುವವರಿಗೂ ಒಂದೇ ಕೋರಿಕೆ. ಮಳೆಗಾಲದಲ್ಲಿ ಅದಿರಿನ ರಾಶಿಗೆ ಹೊದಿಕೆ ಹಾಕಿ. ತೇವಾಂಶದ ಮಾದರಿಯನ್ನು ಹಡಗಿನ ಕಡೆಯವರ ಎದುರಿಗೇ ತೆಗೆಯಿರಿ, ಪರೀಕ್ಷೆಯನ್ನು ಸರಕಿನಲ್ಲಿ ಪಾಲಿಲ್ಲದವರ ಕೈಗೆ ಕೊಡಿ. ಡಬ್ಬಿ ಕುಟ್ಟಿ ನೋಡಿ ‘ಬೇಡ’ ಎಂದ ಕ್ಯಾಪ್ಟನ್‌ನ ಮಾತಿಗೆ ಬೆಲೆ ಕೊಡಿ.