ನಿಮಗಿದು ಗೊತ್ತೆ? ಚಿತ್ರ ಮುಟ್ಟಿದರೆ ಮಾತು!

● ಮಾತು ಬಾರದವರಿಗಾಗಿ ಚಿಹ್ನೆಗಳ ಭಾಷೆಯಿದೆ. ಹಲಗೆ, ಟ್ಯಾಬ್ ಅಥವಾ ಮೊಬೈಲಿನಲ್ಲಿ ಚಿತ್ರ ಮುಟ್ಟಿ ಮನಸ್ಸಿನಲ್ಲಿರುವುದನ್ನು ಹೇಳಬಹುದು. ಟ್ಯಾಬ್, ಮೊಬೈಲ್‌ಗಳು ಅದನ್ನು ದನಿಯಾಗಿಸುತ್ತವೆ.

● ಇಂಥ ಚಿಹ್ನೆಗಳನ್ನು ರೂಪಿಸಿದ ಚಾರ್ಲ್ಸ್ ಬ್ಲಿಸ್ ಅವುಗಳ ಪುಸ್ತಕ ಪ್ರಕಟಿಸಿದ್ದು 1949ರಲ್ಲಿ. ಚೀನಾದ ಶಾಂಘೈನಲ್ಲಿ ನಿರಾಶ್ರಿತರಾಗಿದ್ದಾಗ ಕಂಡ ಚೀನೀ ಲಿಪಿಯೇ ಅವರಿಗೆ ಪ್ರೇರಣೆ. ಹೃದಯದ ಪಕ್ಕ ಮೇಲ್ಮುಖ ಬಾಣವಿದ್ದರೆ ಸಂತೋಷ, ಕೆಳಮುಖವಿದ್ದರೆ ದುಃಖ. 1971ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮಾತನಾಡಲಾಗದ ಮಕ್ಕಳಿಗೆ ಈ ಚಿಹ್ನೆಗಳನ್ನು ಕಲಿಸುವುದು ಶುರುವಾಯಿತು.

● ಬ್ರೂಸ್ ಬೇಕರ್ ರೂಪಿಸಿದ ‘ಮಿನ್‌ಸ್ಪೀಕ್’ ಎಂಬ ಚಿತ್ರ ಪದ್ಧತಿಯಲ್ಲಿ ಒಂದೇ ಚಿತ್ರಕ್ಕೆ ಹಲವು ಅರ್ಥ. ಸೇಬಿನ ಜೊತೆ ಕ್ರಿಯಾಪದದ ಕೀಲಿ ಒತ್ತಿದರೆ ‘ತಿನ್ನು’. ನಾಮಪದದ ಕೀಲಿ ಒತ್ತಿದರೆ ‘ಆಹಾರ’.

● ಚಿತ್ರ ಹಿಡಿದರೆ ಮಗು ಮಾತು ಕಲಿಯುವುದಿಲ್ಲ ಎಂಬ ಭಯ ಬೇಡ. ಇದರಿಂದ ಮಾತಿಗೆ ಅಡ್ಡಿಯಾಗದು ಎಂದು ಸಂಶೋಧನೆಗಳು ಹೇಳುತ್ತವೆ.

● 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ‘ಸಂವಹನ’ದ ವ್ಯಾಖ್ಯೆಯಲ್ಲೇ ಇಂಥ ಪರ್ಯಾಯ ವಿಧಾನಗಳನ್ನೂ ಸೇರಿಸಿದೆ.

● ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಳೆಗಾಲದಲ್ಲಿ ಕರೆಂಟ್ ಕೈಕೊಟ್ಟರೂ ರಟ್ಟಿನ ಹಲಗೆ ಕೈಕೊಡದು. ಊಟ, ನೀರು, ನೋವು, ಬೇಡ, ಇನ್ನೂ ಬೇಕು ಎಂಬ ಚಿತ್ರಗಳ ಜೊತೆ ಮಗುವಿನ ದಿನಚರಿಯ ಕೊಡೆ, ಕಡುಬು, ತೋಟ, ಉಂಬಳವೂ ಅದರಲ್ಲಿರಲಿ. ಮನೆಯವರೂ ಮಾತಾಡುವಾಗ ಅವೇ ಚಿತ್ರ ಮುಟ್ಟಿ ತೋರಿಸಿದರೆ ಮಗು ಬೇಗ ಕಲಿಯುತ್ತದೆ.

● ಹೆಚ್ಚಿನ ಮಾರ್ಗದರ್ಶನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಸಂಪರ್ಕಿಸಬಹುದು.