ಹತ್ತಕ್ಕೆ ಹತ್ತು ಅಂಕದ ಬ್ರೇಕು

ಕಳೆದ ಇಂಟರ್ನಲ್ಸ್‌ನಲ್ಲಿ ಬ್ರೇಕಿನ ಲೆಕ್ಕಕ್ಕೆ ನನಗೆ ಹತ್ತಕ್ಕೆ ಹತ್ತು. ಅದೇ ವಾರ ಅಮ್ಮನ ಫೋನು ಬಂತು: ‘ನಿನ್ ತಮ್ಮ ಸೈಕಲ್‌ನಿಂದ ಬಿದ್ದು ಕೈ ಮುರ್ಕೊಂಡವ್ನೆ.’

ಶನಿವಾರವೇ ಮಂಡ್ಯದ ಬಸ್ ಹತ್ತಿದೆ. ಹಿತ್ತಿಲ ಗೋಡೆಗೆ ಒರಗಿಸಿದ್ದ ಸೈಕಲ್ ನನ್ನದೇ, ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟಿದ್ದು. ಹಾಸ್ಟೆಲ್‌ಗೆ ಹೊರಡುವಾಗ ಅದನ್ನು ದೊಡ್ಡ ಮನಸ್ಸು ಮಾಡಿ ಆರನೇ ಕ್ಲಾಸಿನ ತಮ್ಮನಿಗೆ ‘ದಾನ’ ಮಾಡಿದ್ದೆ. ಬ್ರೇಕ್ ಒತ್ತಿ ನೋಡಿದೆ. ರಬ್ಬರು ಪೂರ್ತಿ ಸವೆದು ಕಬ್ಬಿಣವೇ ರಿಮ್ಮಿಗೆ ಉಜ್ಜುತ್ತಿತ್ತು. ಮಳೆ ನಿಂತ ಮೇಲೆ ನಾಲೆ ಏರಿಯ ಇಳಿಜಾರಿನಲ್ಲಿ ಬರುತ್ತಿದ್ದವನಿಗೆ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಕಂಡಿದೆ. ಬ್ರೇಕ್ ಹಿಡಿಯಲಿಲ್ಲ. ಜಾಣ, ಚರಂಡಿಗೆ ಇಳಿಸಿಬಿಟ್ಟ. ಇಲ್ಲದಿದ್ದರೆ?

ಗಂಟೆಗೆ 18 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 5 ಮೀಟರ್. ಬೆಚ್ಚಿಬಿದ್ದು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಅಷ್ಟು ದೂರ ಹೋಗಿರುತ್ತೇವೆ. ವೇಗ ಎರಡರಷ್ಟಾದರೆ, ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕರಷ್ಟು. ಇದನ್ನೆಲ್ಲ ಡಯಾಗ್ರಾಂ ಸಮೇತ ಬರೆದಿದ್ದವನಿಗೆ ಮನೆಯ ಸೈಕಲ್ಲಿನ ರಬ್ಬರು ನೋಡಬೇಕೆಂದು ಹೊಳೆದಿರಲಿಲ್ಲ. ನಾಲ್ಕು ರಬ್ಬರಿಗೆ ಆದ ಖರ್ಚು ನನ್ನ ತಿಂಗಳ ಮೊಬೈಲ್ ರೀಚಾರ್ಜ್‌ನ ಅರ್ಧವೂ ಅಲ್ಲ.

ಸೈಕಲ್ ಶಾಪಿನ ಅಣ್ಣ ಇನ್ನೊಂದು ಪಾಠ ಹೇಳಿದರು. ರಿಮ್ಮು ಒದ್ದೆಯಾಗಿದ್ದರೆ ಹೊಸ ರಬ್ಬರೂ ಮೊದಲಿಗೆ ಜಾರುತ್ತದೆ. ಇಳಿಜಾರು ಬರುವ ಮೊದಲೇ ಎರಡು ಸಲ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ಮುಂದಿನ ಬ್ರೇಕನ್ನೊಂದೇ ಗಕ್ಕನೆ ಹಿಡಿದರೆ ಭಾರವೆಲ್ಲ ಮುಂದಕ್ಕೆ ಬಂದು ಹಿಂಬದಿ ಏಳುತ್ತದೆ. ಎರಡನ್ನೂ ಒಟ್ಟಿಗೆ ಹದವಾಗಿ ಹಿಡಿಯಬೇಕು. ತಮ್ಮನಿಗೆ ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೆ ಸಿಗುತ್ತಿರಲಿಲ್ಲ, ಅದನ್ನೂ ಇಳಿಸಿಕೊಟ್ಟರು. (ನಾವೆಲ್ಲ ಅಪ್ಪಂದಿರ ಸೈಕಲ್‌ನಲ್ಲಿ ಒಳಪೆಡಲ್ ಹೊಡೆದೇ ಕಲಿತವರು, ನಿಜ. ಆದರೆ ನಮ್ಮ ಮೊಣಕಾಲಿನ ಕಲೆಗಳನ್ನೂ ಲೆಕ್ಕ ಹಾಕಬೇಕಲ್ಲ!)

ಆ ರಾತ್ರಿ ನಿದ್ದೆ ಬರಲಿಲ್ಲ. ನಸುಕಿನಲ್ಲಿ ಅಪ್ಪ ಡೈರಿಗೆ ಹೊರಟಾಗ ಮೊದಲ ಸಲ ಸರಿಯಾಗಿ ನೋಡಿದೆ. ಕಪ್ಪು ಶಾಲು, ಹ್ಯಾಂಡಲ್ಲಿಗೆ ಹಾಲಿನ ಕ್ಯಾನು, ಒಡೆದ ರಿಫ್ಲೆಕ್ಟರು. ಡೈನಮೋ ಇದೆ, ಆದರೆ ಚಕ್ರ ನಿಂತರೆ ಅದರ ದೀಪವೂ ಆರುತ್ತದೆ. ರಸ್ತೆ ದಾಟಲು ನಿಂತ ಅಪ್ಪ ಆ ಕತ್ತಲೆಯಲ್ಲಿ ಇದ್ದೂ ಇಲ್ಲದಂತೆ. ಸೈಕಲ್ಲಿಗೆ ಲೈಸೆನ್ಸ್ ಬೇಡ, ವಿಮೆ ಬೇಡ, ಕೇಳುವವರೂ ಇಲ್ಲ. ಅದಕ್ಕೇ ಅದರ ಕಡೆ ಯಾರ ಕಣ್ಣೂ ಬೀಳುವುದಿಲ್ಲವೇನೋ.

ಪೇಟೆಯಿಂದ ಲಾರಿಗಳಿಗೆ ಅಂಟಿಸುವ ರೇಡಿಯಂ ಸ್ಟಿಕ್ಕರ್ ತಂದು ಹಿಂದಿನ ಮಡ್‌ಗಾರ್ಡು, ಪೆಡಲ್ಲು, ಕ್ಯಾನು ಎಲ್ಲಕ್ಕೂ ಅಂಟಿಸಿದೆ. ಕ್ಯಾನನ್ನು ಹ್ಯಾಂಡಲ್ಲಿನಿಂದ ಬಿಡಿಸಿ ಕ್ಯಾರಿಯರ್‌ಗೆ ಬಿಗಿದೆ. ಅಪ್ಪ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ನನ್ ಸೈಕಲ್ಲೇ ಲಾರಿ ಮಾಡ್ಬುಟ್ಯಲ್ಲೋ’ ಎಂದರು. ತೆಗೆಯಿರಿ ಅನ್ನಲಿಲ್ಲ.

ತಮ್ಮನಿಗೆ ತಂದ ಹೆಲ್ಮೆಟ್ ಮಾತ್ರ ಇನ್ನೂ ಗೂಟದಲ್ಲೇ ನೇತಾಡುತ್ತಿದೆಯಂತೆ. ‘ಎಲ್ಲಾ ನಗ್ತಾರೆ ಕಣಣ್ಣ’ ಎನ್ನುತ್ತಾನೆ. ಪ್ಲಾಸ್ಟರ್ ಬಿಚ್ಚಲು ಇನ್ನೂ ಎರಡು ವಾರವಿದೆ. ಅಷ್ಟರೊಳಗೆ ಒಪ್ಪಿಸಬೇಕು. ಈ ವಾರವೂ ಊರಿಗೆ ಹೊರಟಿದ್ದೇನೆ.